ನಾಮಫಲಕ ತಯಾರಿಕೆಗೆ ಯಾವ ವಿನ್ಯಾಸ ತಂತ್ರಾಂಶ ಸೂಕ್ತ?

ಪ್ರಶ್ನೆ: ಕುಂಚದ ಕೈ

ಎಲ್ಲರಿಗೂ ನಮಸ್ಕಾರ. ನಾನು ಹದಿನೆಂಟು ವರ್ಷ ಕುಂಚ ಹಿಡಿದು ಬೋರ್ಡು ಬರೆದವನು. ಮೂರು ವರ್ಷಗಳ ಹಿಂದೆ 24 ಇಂಚು ಅಗಲದ ವಿನೈಲ್ ಕಟರ್ ಒಂದನ್ನು ಕೊಂಡೆ. ಅದರ ಜೊತೆಗೆ ಬಂದ ಸಣ್ಣ ತಂತ್ರಾಂಶದಲ್ಲೇ ಅಕ್ಷರ ಜೋಡಿಸಿ, ಕತ್ತರಿಸಿ, ಇಲ್ಲಿಯವರೆಗೆ ಹೇಗೋ ನಿಭಾಯಿಸಿಕೊಂಡು ಬಂದಿದ್ದೇನೆ. ಗಾಜಿನ ಬಾಗಿಲಿನ ಮೇಲಿನ ಹೆಸರು, ವಾಹನದ ಹಿಂಬದಿಯ ಬರಹ, ಕೊಠಡಿಗಳ ಸಣ್ಣ ಫಲಕಗಳು, ಇಷ್ಟಕ್ಕೆ ಅದು ಸಾಕಾಗುತ್ತಿತ್ತು.

ಈಗ ಕೆಲಸದ ಸ್ವರೂಪ ಬದಲಾಗಿದೆ. ಬಣ್ಣದ ಚಿತ್ರ ಮುದ್ರಿಸಿ ಅದರ ಅಂಚಿನ ಸುತ್ತ ಕತ್ತರಿಸಿಕೊಡುವ ಸ್ಟಿಕ್ಕರ್‌ಗಳನ್ನು ಗ್ರಾಹಕರು ಕೇಳುತ್ತಿದ್ದಾರೆ. ಅದಕ್ಕಾಗಿ 54 ಇಂಚು ಅಗಲದ, ಮುದ್ರಣ ಮತ್ತು ಕಟಿಂಗ್ ಎರಡನ್ನೂ ಮಾಡುವ ಯಂತ್ರವನ್ನು ಕೊಳ್ಳುವ ಯೋಚನೆ ಇದೆ. ಅಕ್ರಿಲಿಕ್ ಅಕ್ಷರಗಳನ್ನು ಲೇಸರ್ ಮತ್ತು ರೌಟರ್ (ತಿರುಗುವ ಮೊನೆಯಿಂದ ಹಾಳೆ ಕೊರೆಯುವ ಯಂತ್ರ) ಇರುವ ಬೇರೆಯವರಲ್ಲಿ ಕತ್ತರಿಸಿ ತರುತ್ತೇನೆ. ಹಳೆಯ ತಂತ್ರಾಂಶ ಇದಕ್ಕೆಲ್ಲ ಆಗುವುದಿಲ್ಲವೆಂದು ಸ್ಪಷ್ಟವಾಗಿದೆ, ಆದರೆ ಅದರ ಜಾಗಕ್ಕೆ ಯಾವುದನ್ನು ತರಬೇಕೆಂಬುದು ತಿಳಿಯುತ್ತಿಲ್ಲ. ಕೋರೆಲ್‌ಡ್ರಾ ಎನ್ನುವವರು ಕೆಲವರು, ಇಲ್ಲಸ್ಟ್ರೇಟರ್ ಬಿಟ್ಟು ಬೇರೆಯದನ್ನು ಮುಟ್ಟಲೇಬೇಡಿ ಎನ್ನುವವರು ಕೆಲವರು. ಇಂಕ್‌ಸ್ಕೇಪ್ ಉಚಿತವಾಗಿರುವಾಗ ದುಡ್ಡು ಸುರಿಯುವುದೇಕೆ ಎಂದು ಕೇಳುವವರೂ ಇದ್ದಾರೆ. ಫ್ಲೆಕ್ಸಿಯಂತಹ, ಬೋರ್ಡಿನ ಕೆಲಸಕ್ಕೆಂದೇ ಮಾಡಿದ ತಂತ್ರಾಂಶಗಳೂ ಇವೆಯಂತೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಳೆದ ತಿಂಗಳು ಗೆಳೆಯರೊಬ್ಬರ ಕಂಪ್ಯೂಟರಿನಲ್ಲಿ 600 ಮಿಲಿಮೀಟರ್ ಅಗಲದ ಒಂದು ಹೆಸರನ್ನು ವಿನ್ಯಾಸ ಮಾಡಿ, ಎಸ್‌ವಿಜಿ ಎಂಬ ಗೆರೆಚಿತ್ರದ ಕಡತವಾಗಿ ರೌಟರ್ ಕೆಲಸಕ್ಕೆ ಕಳುಹಿಸಿದೆ. ಕತ್ತರಿಸಿ ಬಂದ ಅಕ್ಷರಗಳನ್ನು ಮೇಜಿನ ಮೇಲೆ ಜೋಡಿಸಿ ಅಳತೆಪಟ್ಟಿ ಹಿಡಿದರೆ ಒಟ್ಟು ಅಗಲ ಸರಿಯಾಗಿ 450 ಮಿಲಿಮೀಟರ್ ಇತ್ತು. ತಪ್ಪು ನನ್ನದೋ, ಅವರದೋ, ತಂತ್ರಾಂಶದ್ದೋ ಎಂಬುದು ಈವರೆಗೂ ಗೊತ್ತಾಗಿಲ್ಲ, ಹಾಳೆಯ ನಷ್ಟವನ್ನು ಮಾತ್ರ ನಾನೇ ಹೊತ್ತೆ. ಇಂಥದ್ದು ಮತ್ತೆ ಆಗದಂತೆ ಆಯ್ಕೆ ಮಾಡಲು ಅನುಭವಸ್ಥರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ರೋಲು ಮತ್ತು ಬ್ಲೇಡು

ಮೊದಲು ನಿಮ್ಮ 450 ಮಿಲಿಮೀಟರ್ ಒಗಟನ್ನು ಬಿಡಿಸೋಣ, ಏಕೆಂದರೆ ತಂತ್ರಾಂಶದ ಆಯ್ಕೆಯ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಅಡಗಿದೆ. 450 ಎಂಬುದು 600ರ ಮುಕ್ಕಾಲು ಪಾಲು, 72 ಕೂಡ 96ರ ಮುಕ್ಕಾಲು ಪಾಲೇ. ಎಸ್‌ವಿಜಿ ಕಡತದಲ್ಲಿ ಅಳತೆಗಳು ಸಾಮಾನ್ಯವಾಗಿ ಪಿಕ್ಸೆಲ್ ಲೆಕ್ಕದಲ್ಲಿ ಕೂತಿರುತ್ತವೆ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದನ್ನು ತಂತ್ರಾಂಶಗಳು ಬೇರೆ ಬೇರೆಯಾಗಿ ಎಣಿಸುತ್ತವೆ: ಇಲ್ಲಸ್ಟ್ರೇಟರ್ 72 ಎನ್ನುತ್ತದೆ, ಇಂಕ್‌ಸ್ಕೇಪ್ 96 ಎನ್ನುತ್ತದೆ. ಇಂಕ್‌ಸ್ಕೇಪ್ ಕೂಡ 2017ರ 0.92 ಆವೃತ್ತಿಯವರೆಗೆ 90 ಎನ್ನುತ್ತಿತ್ತು. 72ರ ಲೆಕ್ಕದಲ್ಲಿ ಬರೆದ ಕಡತವನ್ನು 96ರ ಲೆಕ್ಕದಲ್ಲಿ ಓದಿದರೆ 600 ಮಿಲಿಮೀಟರ್ 450 ಆಗುತ್ತದೆ, ತಿರುಗಿಸಿದರೆ 800 ಆಗುತ್ತದೆ. ಹಾಗಾಗಿ ಇಲ್ಲಿ ಯಾರದೂ ತಪ್ಪಿಲ್ಲ, ಇಬ್ಬರೂ ಅಳತೆಯನ್ನು ಪಿಡಿಎಫ್‌ನಲ್ಲಿ ಕೊಟ್ಟು ತೆಗೆದುಕೊಂಡಿದ್ದರೆ ಈ ನಷ್ಟ ಆಗುತ್ತಿರಲಿಲ್ಲ. ರೌಟರ್‌ನವರು ಡಿಎಕ್ಸ್‌ಎಫ್ ಎಂಬ ನಕ್ಷೆಯ ಕಡತ ಕೇಳಿದರೆ ಅಲ್ಲಿಯೂ ಎಚ್ಚರವಿರಲಿ: ಕಡತದ ಒಳಗಿರುವುದು ಬರೀ ಸಂಖ್ಯೆ, ಅದು ಮಿಲಿಮೀಟರೋ ಇಂಚೋ ಎಂಬುದನ್ನು ಓದುವ ತಂತ್ರಾಂಶ ತಾನೇ ಊಹಿಸಿಕೊಂಡರೆ ಕೆಲಸ 25.4 ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಯಾವ ಕಡತವನ್ನು ಕಳುಹಿಸುವಾಗಲೂ ಮೂಲೆಯಲ್ಲಿ 100 ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ಅಳತೆಯನ್ನು ಬರೆದು ಕಳುಹಿಸುವುದು ನನ್ನ ರೂಢಿ. ಅದನ್ನು ಅಳೆದು ನೋಡಿದ ಮೇಲೆಯೇ ಎದುರಿನವರು ಹಾಳೆಗೆ ಕೈಹಾಕುತ್ತಾರೆ.

ಈಗ ಆಯ್ಕೆಯ ವಿಚಾರ. ನಮ್ಮ ಕೆಲಸದಲ್ಲಿ ತಂತ್ರಾಂಶ ಎಂದರೆ ಒಂದಲ್ಲ, ಎರಡು. ಚಿತ್ರ ಬರೆಯುವುದು ಒಂದು, ಬರೆದದ್ದನ್ನು ಯಂತ್ರಕ್ಕೆ ಅರ್ಥವಾಗುವ ಮಾತಿಗೆ ತಂದು ಕಳುಹಿಸುವುದು ಇನ್ನೊಂದು. ಜನ ಮೊದಲನೆಯದರ ಬಗ್ಗೆ ಜಗಳವಾಡುತ್ತಾರೆ, ವಸ್ತು ಹಾಳಾಗುವುದು ಮಾತ್ರ ಹೆಚ್ಚಾಗಿ ಎರಡನೆಯದರಲ್ಲಿ. ನಿಮ್ಮ ಕಟರ್‌ನಂಥ ಯಂತ್ರಗಳು ಎಚ್‌ಪಿಜಿಎಲ್ ಎಂಬ ಹಳೆಯ ಭಾಷೆಯಲ್ಲಿ ಮಾತಾಡುತ್ತವೆ. ಪೆನ್ನು ಹಿಡಿದು ನಕ್ಷೆ ಬರೆಯುತ್ತಿದ್ದ ಪ್ಲಾಟರ್‌ಗಳಿಗಾಗಿ ಹುಟ್ಟಿದ ಭಾಷೆ ಅದು. ಪೆನ್ನು ಎತ್ತು, ಪೆನ್ನು ಇಳಿಸು, ಇಲ್ಲಿಂದ ಅಲ್ಲಿಗೆ ಹೋಗು ಎಂಬಂತಹ ಸರಳ ಆಜ್ಞೆಗಳೇ ಅದರ ಜೀವಾಳ, ಒಂದು ಹೆಜ್ಜೆ ಎಂದರೆ 0.025 ಮಿಲಿಮೀಟರ್. ನೀವು ಬರೆದ ನುಣುಪಾದ ತಿರುವನ್ನು ಕಳುಹಿಸುವ ತಂತ್ರಾಂಶ ಸಣ್ಣ ಸಣ್ಣ ನೇರ ಗೆರೆಗಳಾಗಿ ಒಡೆದು ಕೊಡುತ್ತದೆ. ಆ ಒಡೆಯುವಿಕೆ ಒರಟಾಗಿದ್ದರೆ ಪರದೆಯ ಮೇಲೆ ದುಂಡಗಿದ್ದ ಸೊನ್ನೆ ವಿನೈಲ್ ಮೇಲೆ ಬಹುಭುಜಾಕೃತಿಯಾಗಿ ಇಳಿಯುತ್ತದೆ. ಹಾಗೆಯೇ, ಎಳೆಯುವ ಬ್ಲೇಡಿನ ಮೊನೆ ಅದರ ಹಿಡಿಕೆಯ ನಡುಬಿಂದುವಿಗಿಂತ ಸಾಮಾನ್ಯವಾಗಿ 0.25 ಮಿಲಿಮೀಟರ್ ಹಿಂದಿರುತ್ತದೆ. ಅದನ್ನು ತಂತ್ರಾಂಶವೋ ಯಂತ್ರವೋ ಯಾರಾದರೊಬ್ಬರು ಸರಿದೂಗಿಸಬೇಕು. ಇಬ್ಬರೂ ಮಾಡಿದರೆ ಮೂಲೆಗಳಲ್ಲಿ ಕೊಂಬು ಬರುತ್ತದೆ, ಯಾರೂ ಮಾಡದಿದ್ದರೆ ಮೂಲೆ ಮೊಂಡಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಯಂತ್ರವನ್ನು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಮ್ಮುಖವಾಗಿ ತಂತ್ರಾಂಶಕ್ಕೆ ಬನ್ನಿ. ರೋಲ್ಯಾಂಡ್ ಯಂತ್ರದ ಜೊತೆ ವರ್ಸಾವರ್ಕ್ಸ್ ಬರುತ್ತದೆ, ಮಿಮಾಕಿಯ ಜೊತೆ ರಾಸ್ಟರ್‌ಲಿಂಕ್ ಬರುತ್ತದೆ. ಇವೇ ರಿಪ್ ಎಂದು ಕರೆಯುವ, ಬಣ್ಣದ ಚಿತ್ರವನ್ನು ಶಾಯಿಯ ಹನಿಗಳ ಲೆಕ್ಕಕ್ಕೆ ಇಳಿಸುವ ತಂತ್ರಾಂಶಗಳು. ಗ್ರಾಫ್‌ಟೆಕ್ ಕಟರ್‌ಗಳಿಗೆ ಕಟಿಂಗ್ ಮಾಸ್ಟರ್, ಮಿಮಾಕಿ ಕಟರ್‌ಗಳಿಗೆ ಫೈನ್‌ಕಟ್ ಎಂಬ ಜೋಡಣೆಗಳಿವೆ, ಅವೆರಡೂ ಇಲ್ಲಸ್ಟ್ರೇಟರ್ ಮತ್ತು ಕೋರೆಲ್‌ಡ್ರಾ ಒಳಗಿನಿಂದಲೇ ಕೆಲಸ ಮಾಡುತ್ತವೆ. ನೀವು ಕೊಳ್ಳಲಿರುವ ಯಂತ್ರದ ಜೋಡಣೆ ಯಾವ ತಂತ್ರಾಂಶದ ಯಾವ ಆವೃತ್ತಿಯವರೆಗೆ ಹೊಂದುತ್ತದೆ ಎಂಬುದನ್ನು ಮಾರುವವರಿಂದ ಲಿಖಿತವಾಗಿ ಪಡೆದುಕೊಳ್ಳಿ. ವಿನ್ಯಾಸದ ತಂತ್ರಾಂಶ ರಾತ್ರೋರಾತ್ರಿ ತಾನಾಗಿಯೇ ಹೊಸ ಆವೃತ್ತಿಗೆ ಏರಿ, ಬೆಳಿಗ್ಗೆ ಕಟಿಂಗ್‌ನ ಮೆನು ಮಾಯವಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಹನ್ನೊಂದು ಗಂಟೆಗೆ ಕೊಡಬೇಕಾಗಿದ್ದ ಕೆಲಸ ಸಂಜೆ ಕೊಟ್ಟೆ. ಆವತ್ತಿನಿಂದ ಯಂತ್ರಕ್ಕೆ ತಗಲಿಸಿರುವ ಕಂಪ್ಯೂಟರಿನಲ್ಲಿ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಟ್ಟಿದ್ದೇನೆ.

ಅಂಚು ಕತ್ತರಿಸುವ ಸ್ಟಿಕ್ಕರ್‌ಗಳ ವಿಷಯದಲ್ಲಿ ಒಂದು ಸೂಕ್ಷ್ಮ. ಕತ್ತರಿಸಬೇಕಾದ ಗೆರೆ ಯಾವುದು, ಮುದ್ರಿಸಬೇಕಾದ ಗೆರೆ ಯಾವುದು ಎಂಬುದನ್ನು ರಿಪ್ ತಿಳಿದುಕೊಳ್ಳುವುದು ಆ ಗೆರೆಗೆ ಕೊಟ್ಟ ವಿಶೇಷ ಬಣ್ಣದ ಹೆಸರಿನಿಂದ. ವರ್ಸಾವರ್ಕ್ಸ್‌ನಲ್ಲಿ ಆ ಬಣ್ಣದ ಹೆಸರು ಕಟ್‌ಕಾಂಟೂರ್ ಎಂದಿರಬೇಕು, ಅದೂ ಇಂಗ್ಲಿಷಿನಲ್ಲಿ, ಎರಡು ಪದಗಳ ನಡುವೆ ಜಾಗ ಬಿಡದೆ, ಎರಡರ ಮೊದಲಕ್ಷರವನ್ನೂ ದೊಡ್ಡದಾಗಿ ಬರೆದಿರಬೇಕು. ಒಂದು ಅಕ್ಷರ ತಪ್ಪಿದರೂ ಯಂತ್ರ ಕತ್ತರಿಸುವ ಬದಲು ಆ ಗೆರೆಯನ್ನು ಗುಲಾಬಿ ಬಣ್ಣದಲ್ಲಿ ಅಂದವಾಗಿ ಮುದ್ರಿಸಿಕೊಡುತ್ತದೆ. ಅಂದರೆ ನಿಮ್ಮ ವಿನ್ಯಾಸದ ತಂತ್ರಾಂಶದಲ್ಲಿ ಹೆಸರಿಟ್ಟ ವಿಶೇಷ ಬಣ್ಣವನ್ನು ಸೃಷ್ಟಿಸಲು ಮತ್ತು ಅದನ್ನು ಪಿಡಿಎಫ್ ಒಳಗೆ ಹಾಗೆಯೇ ಉಳಿಸಿಕೊಳ್ಳಲು ಬರಬೇಕು. ಇಲ್ಲಸ್ಟ್ರೇಟರ್‌ಗೂ ಕೋರೆಲ್‌ಡ್ರಾಗೂ ಇದು ಬರುತ್ತದೆ. ಈ ಒಂದು ಕಾರಣಕ್ಕೇ ನಾನು ಆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ಉತ್ತರ: ಮುಕ್ತ ರೇಖೆ

ಹಿಂದಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೂ ಇಂಕ್‌ಸ್ಕೇಪ್ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಾನು ಮುದ್ರಣಕ್ಕೆ ಹೋಗುವುದಿಲ್ಲ. ಬರೀ ಒಂದೇ ಬಣ್ಣದ ವಿನೈಲ್ ಅಕ್ಷರ ಮತ್ತು ಲೇಸರ್‌ನ ಅಕ್ರಿಲಿಕ್ ಕೆಲಸ. ಐದು ವರ್ಷದಿಂದ ಇಂಕ್‌ಸ್ಕೇಪ್ ಒಂದರಲ್ಲೇ ನಡೆಸಿದ್ದೇನೆ. ಎಕ್ಸ್‌ಟೆನ್ಷನ್‌ಗಳ ಮೆನುವಿನಲ್ಲೇ ಪ್ಲಾಟರ್‌ಗೆ ಕಳುಹಿಸುವ ಸೌಲಭ್ಯವಿದೆ, ಅದು ಹಿಡಿಸದಿದ್ದರೆ ಇಂಕ್‌ಕಟ್ ಎಂಬ ಮತ್ತೊಂದು ಮುಕ್ತ ತಂತ್ರಾಂಶವೂ ಇದೆ. ಗೆರೆಗಳನ್ನು ಕೂಡಿಸುವುದು, ಕಳೆಯುವುದು, ಅಂಚಿನಿಂದ ಇಷ್ಟು ಮಿಲಿಮೀಟರ್ ಹೊರಗೆ ಇನ್ನೊಂದು ಗೆರೆ ಎಳೆಯುವುದು, ಇವುಗಳಲ್ಲಿ ಅದು ಯಾರಿಗೂ ಕಡಿಮೆಯಿಲ್ಲ.

ಕೊರತೆ ಇರುವುದು ಬಣ್ಣದಲ್ಲಿ. ಇಂಕ್‌ಸ್ಕೇಪ್ ಮೂಲತಃ ಪರದೆಯ ಆರ್‌ಜಿಬಿ ಬಣ್ಣಗಳಲ್ಲಿ ಯೋಚಿಸುವ ತಂತ್ರಾಂಶ. ಮುದ್ರಣದ ಸಿಎಂವೈಕೆ ಎಂಬ ನಾಲ್ಕು ಶಾಯಿಗಳ ಲೆಕ್ಕವಾಗಲಿ, ಮೇಲೆ ಹೇಳಿದ ಹೆಸರಿಟ್ಟ ವಿಶೇಷ ಬಣ್ಣವಾಗಲಿ ಅದರ ಪಿಡಿಎಫ್‌ನಲ್ಲಿ ಭರವಸೆಯಿಂದ ಸಿಗುವುದಿಲ್ಲ. ಗ್ರಾಹಕರು ಕಳುಹಿಸುವ ಕೋರೆಲ್‌ಡ್ರಾದ ಸಿಡಿಆರ್ ಕಡತಗಳನ್ನು ಅದು ತೆರೆಯುತ್ತದೆ, ಆದರೆ ತೆರೆದ ಮೇಲೆ ಅಕ್ಷರಗಳು ಇದ್ದ ಜಾಗದಲ್ಲೇ ಇವೆಯೇ ಎಂದು ಪ್ರತಿ ಬಾರಿಯೂ ನೋಡಿಕೊಳ್ಳಬೇಕು. ನೀವು ಮುದ್ರಿಸಿ ಕತ್ತರಿಸುವ ಯಂತ್ರವನ್ನು ಕೊಳ್ಳುವುದೇ ನಿಜವಾದರೆ ಇಂಕ್‌ಸ್ಕೇಪ್ ಒಂದನ್ನೇ ನಂಬಬೇಡಿ, ಜೊತೆಯಲ್ಲಿಟ್ಟುಕೊಳ್ಳಿ. ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡ ಅಫಿನಿಟಿ ಎಂಬ ವಿನ್ಯಾಸ ತಂತ್ರಾಂಶವೂ 2025ರ ಅಕ್ಟೋಬರ್‌ನಿಂದ ಉಚಿತವಾಗಿ ಸಿಗುತ್ತಿದೆ, ಅದರಲ್ಲಿ ಸಿಎಂವೈಕೆ ಇದೆ. ಆದರೆ ಕನ್ನಡವನ್ನು ಅದರಲ್ಲಿ ಪರೀಕ್ಷಿಸದೆ ಮುಂದುವರಿಯಬೇಡಿ.

ಪ್ರತಿಕ್ರಿಯೆ: ಕುಂಚದ ಕೈ

ಇಬ್ಬರಿಗೂ ತುಂಬ ಧನ್ಯವಾದಗಳು. 72 ಮತ್ತು 96ರ ಲೆಕ್ಕವನ್ನು ಓದಿದ ಕೂಡಲೇ ಗೆಳೆಯರಿಗೂ ರೌಟರ್‌ನವರಿಗೂ ತಿಳಿಸಿದೆ, ಅವರಿಬ್ಬರ ತಂತ್ರಾಂಶಗಳ ಲೆಕ್ಕ ಬೇರೆ ಬೇರೆ ಎಂಬುದು ಖಚಿತವಾಯಿತು.

ಕನ್ನಡದ ಮಾತು ಬಂದದ್ದರಿಂದ ಕೇಳುತ್ತೇನೆ. ಈಗಿನ ತಂತ್ರಾಂಶದಲ್ಲಿ ಕನ್ನಡ ಬರೆದು ಕತ್ತರಿಸಿದಾಗ ಒಂದು ವಿಚಿತ್ರ ನಡೆಯುತ್ತದೆ. ಅಕ್ಷರದ ಸುತ್ತಲಿನ ವಿನೈಲನ್ನು ಕೊಕ್ಕೆಯಿಂದ ಎಬ್ಬಿಸಿ ತೆಗೆಯುವಾಗ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಒಂದು ಚೂರು ಪ್ರತ್ಯೇಕವಾಗಿ ಕತ್ತರಿಸಿಕೊಂಡು ಕೊಕ್ಕೆಯ ಜೊತೆ ಎದ್ದು ಬರುತ್ತದೆ. ದೂರದಿಂದ ನೋಡಿದರೆ ಅಕ್ಷರಕ್ಕೆ ತೂತು ಬಿದ್ದಂತೆ ಕಾಣುತ್ತದೆ. ಕುಂಚದಲ್ಲಿ ಬರೆಯುವಾಗ ಈ ತೊಂದರೆಯೇ ಇರಲಿಲ್ಲ! ಇದು ಹೊಸ ತಂತ್ರಾಂಶದಲ್ಲಿ ಹೋಗುತ್ತದೆಯೇ?

ಉತ್ತರ: ಅಕ್ಷರಬಂಧು

ಆ ಅಕ್ಕಿಕಾಳು ನಮಗೆಲ್ಲ ಹಳೆಯ ಪರಿಚಯ. ಅಕ್ಷರಶೈಲಿ ರೂಪಿಸಿದವರು ಮೂಲ ಅಕ್ಷರವನ್ನು ಒಂದು ಆಕಾರವಾಗಿ, ಒತ್ತನ್ನು ಇನ್ನೊಂದು ಆಕಾರವಾಗಿ ಇಟ್ಟಿರುತ್ತಾರೆ, ಎರಡೂ ಒಂದರ ಮೇಲೊಂದು ತುಸು ಹಾಯ್ದಿರುತ್ತವೆ. ಪರದೆಯ ಮೇಲೂ ಮುದ್ರಣದಲ್ಲೂ ಎರಡಕ್ಕೂ ಒಂದೇ ಬಣ್ಣ ತುಂಬುವುದರಿಂದ ಕಣ್ಣಿಗೆ ಏನೂ ಕಾಣದು. ಬ್ಲೇಡಿಗೆ ಬಣ್ಣ ಗೊತ್ತಿಲ್ಲ, ಅದು ಎರಡೂ ಆಕಾರಗಳ ಅಂಚನ್ನು ಪೂರ್ತಿಯಾಗಿ ಸುತ್ತುತ್ತದೆ, ಹಾಯ್ದ ಜಾಗ ತುಂಡಾಗುತ್ತದೆ. ಪರಿಹಾರವೆಂದರೆ ಅಕ್ಷರಗಳನ್ನು ಮೊದಲು ಕರ್ವ್‌ಗಳಾಗಿ (ಬರೀ ಗೆರೆಗಳ ಆಕಾರಗಳಾಗಿ) ಬದಲಿಸಿ, ಬಳಿಕ ವೆಲ್ಡ್ ಮಾಡುವುದು, ಅಂದರೆ ಹಾಯ್ದ ಆಕಾರಗಳನ್ನು ಒಂದಾಗಿಸುವುದು. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ ಒತ್ತಿ ವೆಲ್ಡ್ ಕೊಡಿ. ಇಲ್ಲಸ್ಟ್ರೇಟರ್‌ನಲ್ಲಿ ಕ್ರಿಯೇಟ್ ಔಟ್‌ಲೈನ್ಸ್ ಕೊಟ್ಟು ಪಾತ್‌ಫೈಂಡರ್‌ನ ಯುನೈಟ್ ಕೊಡಿ. ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್, ಆಮೇಲೆ ಯೂನಿಯನ್. ಮೂರರಲ್ಲೂ ಫಲಿತಾಂಶ ಒಂದೇ. ಕತ್ತರಿಸುವ ಮುನ್ನ ಬಣ್ಣವಿಲ್ಲದೆ ಬರೀ ಗೆರೆಗಳನ್ನು ತೋರಿಸುವ ನೋಟಕ್ಕೆ ಹೋಗಿ, ಇಲ್ಲಸ್ಟ್ರೇಟರ್‌ನಲ್ಲಾದರೆ ಕಂಟ್ರೋಲ್ ಮತ್ತು ವೈ, ಕೋರೆಲ್‌ಡ್ರಾದಲ್ಲಿ ವೈರ್‌ಫ್ರೇಮ್. ಅಲ್ಲಿ ಎರಡು ಗೆರೆ ಒಂದನ್ನೊಂದು ದಾಟುವುದು ಕಂಡರೆ ಅಲ್ಲೊಂದು ಚೂರು ಎದ್ದುಬರುತ್ತದೆ ಎಂದೇ ಅರ್ಥ.

ಆದರೆ ಇದಕ್ಕೂ ಮೊದಲಿನ ಪ್ರಶ್ನೆ, ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆಯೇ ಎಂಬುದು. ಯುನಿಕೋಡ್ ಕನ್ನಡದಲ್ಲಿ ವ್ಯಂಜನ, ವಿರಾಮ, ವ್ಯಂಜನ, ಸ್ವರಚಿಹ್ನೆ ಎಂದು ಸಾಲಾಗಿ ಇರುವ ಸಂಕೇತಗಳನ್ನು ನೋಡಿ, ಯಾವುದು ಒತ್ತಾಗಿ ಕೆಳಗೆ ಹೋಗಬೇಕು, ಯಾವುದು ಅರ್ಕಾವತ್ತಾಗಿ ಬಲಕ್ಕೆ ಬರಬೇಕು ಎಂದು ತೀರ್ಮಾನಿಸುವುದು ತಂತ್ರಾಂಶದ ಹೊಣೆ. ಇಂಕ್‌ಸ್ಕೇಪ್ ಇದನ್ನು ಹೆಚ್ಚು ತಂಟೆಯಿಲ್ಲದೆ ಮಾಡುತ್ತದೆ. ಇಲ್ಲಸ್ಟ್ರೇಟರ್‌ಗೂ ಬರುತ್ತದೆ, ಆದರೆ ಆದ್ಯತೆಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಗಳನ್ನು ತೆರೆದು, ಪ್ಯಾರಾಗ್ರಾಫ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಕಂಪೋಸರ್ ಅನ್ನು ಆರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆಯೇ ಇಲ್ಲಸ್ಟ್ರೇಟರ್‌ನಲ್ಲಿ ಕನ್ನಡ ಬರುವುದಿಲ್ಲ ಎಂದು ಕೈಬಿಟ್ಟವರು ಎಷ್ಟೋ ಮಂದಿ. ಕೋರೆಲ್‌ಡ್ರಾದ ಇತ್ತೀಚಿನ ಆವೃತ್ತಿಗಳಲ್ಲೂ ಯುನಿಕೋಡ್ ಕನ್ನಡ ಕೂರುತ್ತದೆ, ಬಹಳ ಹಳೆಯ ಆವೃತ್ತಿ ಹಿಡಿದು ಕೂತವರಿಗೆ ಮಾತ್ರ ಕಷ್ಟ.

ಪರೀಕ್ಷೆಗೆ ನಾನು ಬಳಸುವ ಪದಗಳು ನಾಲ್ಕು: ಕಾರ್ಯಾಲಯ, ಶಸ್ತ್ರಚಿಕಿತ್ಸೆ, ಜ್ಞಾನ, ಸ್ವಾತಂತ್ರ್ಯ. ಮೊದಲನೆಯದರಲ್ಲಿ ಅರ್ಕಾವತ್ತು, ಎರಡನೆಯದರಲ್ಲಿ ಮೂರು ವ್ಯಂಜನಗಳ ಕೂಟ, ಕೊನೆಯದರಲ್ಲಿ ತಕಾರದ ಕೆಳಗೆ ಎರಡೆರಡು ಒತ್ತು. ಈ ನಾಲ್ಕನ್ನೂ ಸರಿಯಾಗಿ ತೋರಿಸಿದ ತಂತ್ರಾಂಶ ಬೋರ್ಡಿನ ಮೇಲೆ ಬರುವ ಬೇರಾವ ಪದಕ್ಕೂ ಎಡವಿದ್ದನ್ನು ನಾನು ಕಂಡಿಲ್ಲ. ಪದವನ್ನು ಟೈಪ್ ಮಾಡಿ ನೋಡಿದರೆ ಸಾಲದು, ಕರ್ವ್‌ಗೆ ಬದಲಿಸಿದ ಮೇಲೂ ನೋಡಿ, ಪಿಡಿಎಫ್ ಮಾಡಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೂ ನೋಡಿ.

ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಗಳನ್ನು ಏಕಾಏಕಿ ಬಿಸಾಡಿ ಎಂದು ನಾನು ಹೇಳುವುದಿಲ್ಲ, ಅವುಗಳಲ್ಲಿ ಕೆಲವು ದಪ್ಪ ಅಕ್ಷರಗಳು ಬೋರ್ಡಿಗೆ ಬಹಳ ಒಪ್ಪುತ್ತವೆ. ಆದರೆ ಗ್ರಾಹಕರು ಮೊಬೈಲಿನಿಂದ ಕಳುಹಿಸುವ ಪಠ್ಯ ಯುನಿಕೋಡ್‌ನಲ್ಲಿ ಇರುವುದರಿಂದ ಅದನ್ನು ಆ ಶೈಲಿಗೆ ಅಂಟಿಸಿದರೆ ಬರೀ ಡಬ್ಬಿಗಳು ಕಾಣುತ್ತವೆ, ಮತ್ತೆ ಟೈಪ್ ಮಾಡಬೇಕಾಗುತ್ತದೆ, ಟೈಪ್ ಮಾಡುವಾಗ ಕಾಗುಣಿತ ತಪ್ಪುತ್ತದೆ. ತಪ್ಪು ಹೆಸರಿನ ಬೋರ್ಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಟೀರೋ ಕನ್ನಡ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಕುಂಚದ ಬರಹ ಬಲ್ಲ ನಿಮಗೆ ಇನ್ನೊಂದು ದಾರಿಯೂ ಇದೆ: ಮುಖ್ಯ ಹೆಸರನ್ನು ಕಾಗದದ ಮೇಲೆ ನೀವೇ ಬರೆದು, ಸ್ಕ್ಯಾನ್ ಮಾಡಿ, ಅದರ ಮೇಲೆ ಕೈಯಿಂದ ಗೆರೆ ಎಳೆದುಕೊಳ್ಳಿ. ತಂತ್ರಾಂಶದ ಸ್ವಯಂ ಟ್ರೇಸ್‌ಗೆ ಬಿಡಬೇಡಿ. ನಾಲ್ಕು ನೋಡ್‌ಗಳಲ್ಲಿ (ಗೆರೆಯನ್ನು ಹಿಡಿದಿಡುವ ಬಿಂದುಗಳಲ್ಲಿ) ಮುಗಿಯುವ ವೃತ್ತಕ್ಕೆ ಅದು ಸಲೀಸಾಗಿ ನಲವತ್ತು ನೋಡ್ ಹಾಕುತ್ತದೆ, ಕಟರ್ ಪ್ರತಿ ನೋಡ್‌ನಲ್ಲೂ ತಡವರಿಸಿ ಅಂಚು ಗರಗಸದಂತಾಗುತ್ತದೆ.

ಉತ್ತರ: ದೊಡ್ಡ ಬೋರ್ಡಿನವರು

ಫ್ಲೆಕ್ಸಿಯ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಫ್ಲೆಕ್ಸಿಸೈನ್, ಸೈನ್‌ಲ್ಯಾಬ್, ವಿನೈಲ್‌ಮಾಸ್ಟರ್ ಇವು ಬೋರ್ಡಿನ ಕೆಲಸಕ್ಕೆಂದೇ ಹುಟ್ಟಿದವು. ಚಿತ್ರ ಬರೆಯುವುದರಲ್ಲಿ ಇವು ಕೋರೆಲ್‌ಡ್ರಾದ ಸಮಕ್ಕೆ ಬರುವುದಿಲ್ಲ, ನಿಜ. ಆದರೆ ಯಂತ್ರದ ಅಗಲಕ್ಕಿಂತ ದೊಡ್ಡದಾದ ಬರಹವನ್ನು ಪಟ್ಟಿಗಳಾಗಿ ಒಡೆದು, ಅಂಟಿಸುವಾಗ ಒಂದರ ಮೇಲೊಂದು ಬರುವಂತೆ 10 ಮಿಲಿಮೀಟರ್ ಹೆಚ್ಚುವರಿ ಅಂಚು ಬಿಡುವುದು, ರೋಲಿನಲ್ಲಿ ವಿನೈಲ್ ಪೋಲಾಗದಂತೆ ಅಕ್ಷರಗಳನ್ನು ತಿರುಗಿಸಿ ಒತ್ತಾಗಿ ಜೋಡಿಸುವುದು, ಬಣ್ಣ ಬಣ್ಣಕ್ಕೆ ಬೇರೆ ಬೇರೆಯಾಗಿ ಕಟರ್‌ಗೆ ಕಳುಹಿಸುವುದು, ಬೇಡದ ವಿನೈಲನ್ನು ಸಲೀಸಾಗಿ ಕೀಳಲು ಸುತ್ತಲೂ ಚೌಕ ಹಾಕುವುದು, ಇವೆಲ್ಲ ಅಲ್ಲಿ ಒಂದೊಂದು ಗುಂಡಿಯ ಕೆಲಸ. ನನ್ನಲ್ಲಿ ವಿನ್ಯಾಸವೆಲ್ಲ ಕೋರೆಲ್‌ಡ್ರಾದಲ್ಲಿ ನಡೆಯುತ್ತದೆ, ಯಂತ್ರದ ಪಕ್ಕದ ಕಂಪ್ಯೂಟರಿನಲ್ಲಿ ಫ್ಲೆಕ್ಸಿ ಇದೆ. ದಿನಕ್ಕೆ ಎರಡು ಮೂರು ಕೆಲಸ ಮಾಡುವವರಿಗೆ ಇದು ಅತಿಯಾದೀತು, ದಿನಕ್ಕೆ ಹದಿನೈದು ಮಾಡುವವರಿಗೆ ಇಲ್ಲದಿದ್ದರೆ ಕೈ ಕಟ್ಟಿದಂತಾಗುತ್ತದೆ. ಫ್ಲೆಕ್ಸಿ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ ಎಂಬುದನ್ನು ಮ್ಯಾಕ್ ಇಟ್ಟುಕೊಂಡವರು ಗಮನಿಸಬೇಕು.

ಇನ್ನು ಹಾಳೆಯ ಗಾತ್ರ. ಇಲ್ಲಸ್ಟ್ರೇಟರ್‌ನ ಹಾಳೆ ಬಹುಕಾಲ 227 ಇಂಚಿಗೆ, ಅಂದರೆ ಸುಮಾರು 5.8 ಮೀಟರಿಗೆ ನಿಲ್ಲುತ್ತಿತ್ತು, 2020ರಲ್ಲಿ ಅದನ್ನು ಹತ್ತು ಪಟ್ಟು ಹಿಗ್ಗಿಸಿದರು. ಕೋರೆಲ್‌ಡ್ರಾದಲ್ಲಿ 150 ಅಡಿಯವರೆಗೆ ಹೋಗಬಹುದು. ಇಷ್ಟಿದ್ದರೂ ದೊಡ್ಡ ಹೋರ್ಡಿಂಗ್‌ಗಳನ್ನು ನಾನು ಹತ್ತನೇ ಒಂದು ಅಳತೆಯಲ್ಲೇ ಬರೆಯುತ್ತೇನೆ, ಕಡತದ ಹೆಸರಿನಲ್ಲೇ ಅದನ್ನು ಸೂಚಿಸುತ್ತೇನೆ.

ತಂತ್ರಾಂಶ ನಿಧಾನವಾಯಿತು ಎಂದು ದೂರುವವರಲ್ಲಿ ಹಲವರು ಚಿತ್ರಗಳನ್ನು ಅಗತ್ಯಕ್ಕಿಂತ ಸೂಕ್ಷ್ಮವಾಗಿ ಇಟ್ಟಿರುತ್ತಾರೆ. 3 ಮೀಟರ್ ಅಗಲ, 1.2 ಮೀಟರ್ ಎತ್ತರದ ಒಂದು ಫಲಕವನ್ನು ಪುಸ್ತಕದ ಲೆಕ್ಕದಲ್ಲಿ ಇಂಚಿಗೆ 300 ಪಿಕ್ಸೆಲ್‌ನಂತೆ ಮಾಡಿದರೆ ಸಿಎಂವೈಕೆ ಚಿತ್ರ ಸುಮಾರು 2 ಜಿಬಿ ಆಗುತ್ತದೆ. ಇಂಚಿಗೆ 100ರಂತೆ ಮಾಡಿದರೆ 225 ಎಂಬಿಯೊಳಗೆ ಮುಗಿಯುತ್ತದೆ. ಒಂದು ಮೀಟರ್ ದೂರದಿಂದ ನೋಡುವ ಸಾಮಾನ್ಯ ಕಣ್ಣಿಗೆ ಇಂಚಿಗೆ 90ಕ್ಕಿಂತ ಹೆಚ್ಚಿನದು ಬೇರೆಯಾಗಿ ಕಾಣುವುದೇ ಇಲ್ಲ. ಫಲಕವನ್ನು ಯಾರೂ ಮೂಗು ತಾಗಿಸಿ ಓದುವುದಿಲ್ಲವಲ್ಲ. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಇದನ್ನೊಮ್ಮೆ ಸರಿಮಾಡಿ ನೋಡಿ.

ಪರವಾನಗಿಯ ಬಗ್ಗೆ: ಇಲ್ಲಸ್ಟ್ರೇಟರ್ 2013ರಿಂದ ಈಚೆಗೆ ಚಂದಾ ಪದ್ಧತಿಯಲ್ಲಿ ಮಾತ್ರ ಬೆಳೆಯುತ್ತಿದೆ. ಚಂದಾ ನಿಂತ ದಿನ ತಂತ್ರಾಂಶವೂ ನಿಲ್ಲುತ್ತದೆ, ನಿಮ್ಮ ಕಡತಗಳು ನಿಮ್ಮಲ್ಲೇ ಇದ್ದರೂ ತೆರೆಯಲು ಬೇರೆ ದಾರಿ ಹುಡುಕಬೇಕಾಗುತ್ತದೆ. ಆದಕಾರಣ ಯಾವುದನ್ನೇ ಕೊಂಡರೂ ಮುಗಿದ ಪ್ರತಿ ಕೆಲಸದ ಒಂದು ಪ್ರತಿಯನ್ನು ಕರ್ವ್‌ಗಳಾಗಿ ಬದಲಿಸಿ ಪಿಡಿಎಫ್‌ನಲ್ಲಿ ಎತ್ತಿಡಿ.

ಪ್ರತಿಕ್ರಿಯೆ: ಕುಂಚದ ಕೈ

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ಕೋರೆಲ್‌ಡ್ರಾ ಮತ್ತು ಇಲ್ಲಸ್ಟ್ರೇಟರ್ ಎರಡರ ಪ್ರಾಯೋಗಿಕ ಆವೃತ್ತಿಗಳನ್ನೂ ಇಂಕ್‌ಸ್ಕೇಪನ್ನೂ ಹಾಕಿಕೊಂಡು, ಒಂದೇ ಫಲಕವನ್ನು ಮೂರರಲ್ಲೂ ಮಾಡಿದೆ. ನಾಲ್ಕು ಪರೀಕ್ಷಾ ಪದಗಳನ್ನು ಮೂರೂ ಸರಿಯಾಗಿ ತೋರಿಸಿದವು. ಇಲ್ಲಸ್ಟ್ರೇಟರ್‌ನಲ್ಲಿ ಕಂಪೋಸರ್ ಬದಲಿಸುವವರೆಗೆ ಶಸ್ತ್ರಚಿಕಿತ್ಸೆ ಎಂಬುದು ಬಿಡಿಬಿಡಿಯಾಗಿ ನಿಂತಿತ್ತು, ಬದಲಿಸಿದ ಕೂಡಲೇ ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕುಳಿತವು. ವೆಲ್ಡ್ ಮಾಡಿದ ಅಕ್ಷರಗಳನ್ನು ಹಳೆಯ ಕಟರ್‌ನಲ್ಲೇ ಕತ್ತರಿಸಿ, ಸುತ್ತಲಿನ ವಿನೈಲನ್ನು ಎಳೆದಾಗ ಅಕ್ಕಿಕಾಳು ಒಂದೂ ಎದ್ದು ಬರಲಿಲ್ಲ. ಆ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ ಇಟ್ಟುಕೊಂಡಿದ್ದೇನೆ.

ನಾನು ನೋಡಿಟ್ಟಿರುವ ಯಂತ್ರದ ಜೋಡಣೆ ಕೋರೆಲ್‌ಡ್ರಾಗೂ ಇಲ್ಲಸ್ಟ್ರೇಟರ್‌ಗೂ ಹೊಂದುತ್ತದೆಂದು ಮಾರುವವರು ಆವೃತ್ತಿಯ ಸಂಖ್ಯೆಯ ಸಮೇತ ಬರೆದುಕೊಟ್ಟಿದ್ದಾರೆ. ರೌಟರ್ ಮತ್ತು ಲೇಸರ್ ಕೆಲಸ ಮಾಡಿಕೊಡುವ ಇಬ್ಬರೂ ಸಿಡಿಆರ್ ಕಡತಗಳನ್ನೇ ಬಳಸುವವರಾದ್ದರಿಂದ ಕೋರೆಲ್‌ಡ್ರಾ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಫ್ಲೆಕ್ಸಿಯನ್ನು ಸದ್ಯಕ್ಕೆ ಮುಂದೂಡಿದ್ದೇನೆ, ದಿನಕ್ಕೆ ಹದಿನೈದು ಕೆಲಸ ನನಗೆ ಇನ್ನೂ ದೂರದ ಮಾತು. ಉಳಿದಿರುವ ಸಂದೇಹ ಒಂದೇ: ನಾನು ಹೊಸ ಆವೃತ್ತಿಯಲ್ಲಿ ಉಳಿಸಿದ ಸಿಡಿಆರ್ ಕಡತ ಅವರ ಹಳೆಯ ಆವೃತ್ತಿಯಲ್ಲಿ ತೆರೆದುಕೊಳ್ಳುತ್ತದೆಯೇ?

ಉತ್ತರ: ರೋಲು ಮತ್ತು ಬ್ಲೇಡು

ಹಾಗೆಯೇ ಉಳಿಸಿದರೆ ತೆರೆದುಕೊಳ್ಳುವುದಿಲ್ಲ. ಸೇವ್ ಆ್ಯಸ್ ಕೊಟ್ಟಾಗ ಬರುವ ಚೌಕದಲ್ಲಿ ಆವೃತ್ತಿಯನ್ನು ಆರಿಸುವ ಜಾಗವಿರುತ್ತದೆ, ಅಲ್ಲಿ ಅವರ ಆವೃತ್ತಿಯ ಸಂಖ್ಯೆ ಕೊಟ್ಟು ಉಳಿಸಿ. ಹಳೆಯದಕ್ಕೆ ಇಳಿಸುವಾಗ ಹೊಸ ಬಗೆಯ ನೆರಳು, ಪಾರದರ್ಶಕ ಬಣ್ಣಗಳು ಕೆಡಬಹುದಾದ್ದರಿಂದ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ, ಕಳುಹಿಸುವ ಪ್ರತಿಯಲ್ಲಿ ಎಲ್ಲ ಬರಹವನ್ನೂ ಕರ್ವ್ ಮಾಡಿರಿ. ರೌಟರ್‌ಗೆ ಹೋಗುವ ಅಕ್ಷರಗಳಿಗೆ ನೆರಳಾಗಲಿ ಪಾರದರ್ಶಕತೆಯಾಗಲಿ ಬೇಕಿಲ್ಲದಿರುವುದರಿಂದ ನಿಮಗೆ ತೊಂದರೆ ಬರಲಾರದು. ಮೂಲೆಯ 100 ಮಿಲಿಮೀಟರ್ ಗೆರೆಯನ್ನು ಮಾತ್ರ ಸಿಡಿಆರ್ ಕಡತದಲ್ಲಿಯೂ ಬಿಡಬೇಡಿ.